ಜಮೀನು ನಮ್ದು, ಬೋರೂ ನಮ್ದು. ಒಳಗಿನ ನೀರು ಯಾರದು?

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗೋ ರೈಲು ಹತ್ತಿದರೆ ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್ ಅಂತ ಒಂದೊಂದೇ ಸ್ಟೇಷನ್ ಬರುತ್ತೆ. ಈ ದಾರಿಯಲ್ಲಿ ಒಂದು ಕಡೆ ರೈತರ ಹೊಲ, ತೋಟ ಕಾಣಿಸಿದರೆ, ಇನ್ನೊಂದು ಕಡೆ ನೆತ್ತಿ ಬೋಳಾದ ಬೂದುಬಣ್ಣದ ದಿಬ್ಬಗಳು. ಸುತ್ತಲಿನ ಜನ ಇವನ್ನ ಸಯನೈಡ್ ದಿಬ್ಬ ಅಂತಲೇ ಕರೆಯೋದು. ನೂರಕ್ಕೂ ಹೆಚ್ಚು ವರ್ಷ ನೆಲದಡಿಯಿಂದ ತಂದ ಕಲ್ಲನ್ನ ಪುಡಿ ಮಾಡಿ, ಸಯನೈಡ್ ಹಾಕಿ ಚಿನ್ನ ತೆಗೆದು, ಉಳಿದ ಪುಡಿ ಸುರಿದ ಜಾಗ ಅದು.

ಈ ವಾರ ಬರೀತಿರೋದು ಚಿನ್ನದ ವಿಷಯ ಅಲ್ಲ, ನೀರಿನ ವಿಷಯ. ಆದರೂ ದಿಬ್ಬದಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ, ಮುಂದೆ ಹೇಳ್ತೀನಿ.

ಮೊದಲು ನಮ್ಮ ಪಂಚಾಯ್ತಿ ಕಟ್ಟೆಗೆ ಹೋಗೋಣ. ಇಂಥ ಮಾತು ನೀವೂ ಕೇಳಿರ್ತೀರಿ. ಊರಿನ ಹುಡುಗ ಒಬ್ಬ ಟೊಮ್ಯಾಟೊಗೆ ಅಂತ ಬೋರ್ ಕೊರೆಸೋಕೆ ಹೊರಟಿದ್ದಾನೆ. ಪಾಯಿಂಟ್ ಹಾಕಿಸಿದ್ದಾಗಿದೆ, ಲಾರಿಗೆ ಅಡ್ವಾನ್ಸ್ ಕೊಟ್ಟಿದ್ದಾಗಿದೆ. ಅಷ್ಟರಲ್ಲಿ ನೀರಗಂಟಿ ಬಂದು, "ಅಪ್ಪಾ, ಇಲ್ಲಿಂದ ಪಂಚಾಯ್ತಿ ಬೋರು ಇನ್ನೂರು ಮಾರು ಇಲ್ಲ, ಇಲ್ಲಿ ಕೊರೆಸೋ ಹಂಗಿಲ್ಲ" ಅಂತಾನೆ. ಹುಡುಗನ ಅಪ್ಪನಿಗೆ ಸಿಟ್ಟು: "ನಮ್ ಜಮೀನಲ್ಲಿ ನಾವು ಕೊರೆಸ್ಕೊಳ್ಳೋಕೆ ನೀನ್ಯಾವನಯ್ಯಾ ಕೇಳೋಕೆ?" ಮಾತಿಗೆ ಮಾತು ಬೆಳೆದು ಮೆಂಬರ್ ಬರ್ತಾರೆ, ಪಿಡಿಒ ಸಾಹೇಬ್ರು ಬರ್ತಾರೆ. ಕೊನೆಗೆ ರಾತ್ರೋರಾತ್ರಿ ಲಾರಿ ಬಂದು ಕೊರೆದು ಹೋಗುತ್ತೆ. ಬೇಸಿಗೆಗೆ ಎರಡೂ ಬೋರು ಬತ್ತುತ್ತವೆ.

ಅಪ್ಪನ ಮಾತು ಪೂರ್ತಿ ತಪ್ಪು ಅಂತ ಹೇಳೋಕಾಗಲ್ಲ. 1882ರ ಭಾರತೀಯ ಅನುಭೋಗ ಕಾಯ್ದೆ ಭೂಮಾಲೀಕನಿಗೆ ತನ್ನ ಗಡಿಯೊಳಗೆ ನೆಲದಡಿ ಇರೋ ನೀರನ್ನ ತೆಗೆದು ಬಳಸೋ ಹಕ್ಕು ಕೊಟ್ಟಿದೆ. ಕಪಿಲೆ, ಏತ ಹಾಕಿ ನೀರೆತ್ತುತ್ತಿದ್ದ ಕಾಲದ ಕಾನೂನು ಅದು. ಎತ್ತು ಎಷ್ಟು ಎಳೆದೀತು? ಪಕ್ಕದವನ ಬಾವಿಗೆ ಅದರಿಂದ ಅಂಥ ತೊಂದರೆ ಆಗ್ತಿರಲಿಲ್ಲ. ಈಗ ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿ ಕೊರೆಯೋದು ಮಾಮೂಲಾಗಿದೆ. ಅಷ್ಟು ಆಳಕ್ಕೆ ಇಳಿದ ಪಂಪಿಗೆ ಸರ್ವೆ ನಂಬರ್ ಗೊತ್ತಾಗಲ್ಲ, ಬಿರುಕು ಎಲ್ಲಿಂದ ಬಂದಿರುತ್ತೋ ಅಲ್ಲಿಂದೆಲ್ಲ ಎಳೆಯುತ್ತೆ.

ಅದಕ್ಕೇ ನಮ್ಮ ರಾಜ್ಯದಲ್ಲಿ 1999ರಲ್ಲಿ ಕುಡಿಯುವ ನೀರಿನ ಮೂಲ ಕಾಪಾಡೋಕೆ ಅಂತಲೇ ಒಂದು ಅಂತರ್ಜಲ ಕಾಯ್ದೆ ಮಾಡಿದರು. ಅದರ ತಿರುಳು ಇಷ್ಟು: ಸಾರ್ವಜನಿಕ ಕುಡಿಯುವ ನೀರಿನ ಬೋರು ಅಥವಾ ಬಾವಿಯಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಹೊಸ ಬಾವಿ ತೆಗೆಯುವಂತಿಲ್ಲ. ಆಮೇಲೆ 2011ರಲ್ಲಿ ಇನ್ನೊಂದು ಕಾಯ್ದೆ ಬಂತು. ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳನ್ನ ಅಧಿಸೂಚಿತ ಪ್ರದೇಶ ಅಂತ ಘೋಷಿಸಿ, ಅಲ್ಲಿ ಇರೋ ಬೋರುಗಳನ್ನ ನೋಂದಣಿ ಮಾಡಿಸಬೇಕು, ಹೊಸದಕ್ಕೆ ಮೊದಲೇ ಅನುಮತಿ ಪಡೀಬೇಕು ಅಂತ ಹೇಳಿತು. ಕೋಲಾರ ಜಿಲ್ಲೆ ಆ ಪಟ್ಟಿಯಲ್ಲಿದೆ. ಕೆಜಿಎಫ್ ತಾಲ್ಲೂಕು ಬಂಗಾರಪೇಟೆಯಿಂದ ಬೇರೆ ಆಗಿದ್ದು ಆಮೇಲೆ. ಹೊಸ ತಾಲ್ಲೂಕು ನಮಗೆ ಅನ್ವಯಿಸಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಕೊರೆಯೋ ಲಾರಿಯವರೂ ನೋಂದಣಿ ಮಾಡಿಸಿರಬೇಕು, ಅಡ್ವಾನ್ಸ್ ಕೊಡೋ ಮುಂಚೆ ಆ ಕಾಗದ ಕೇಳಿ.

500 ಮೀಟರ್ ಅಂದ್ರೆ ಎಷ್ಟು? ಕೇಳೋಕೆ ಸಣ್ಣದು. ಲೆಕ್ಕ ಹಾಕಿ ನೋಡಿ. ಒಂದು ಬೋರನ್ನ ನಡುವೆ ಇಟ್ಟು 500 ಮೀಟರಿಗೆ ಸುತ್ತು ಹಾಕಿದರೆ ಸುಮಾರು 194 ಎಕರೆ ಆಗುತ್ತೆ. ನಮ್ಮ ಕಡೆ ಸಣ್ಣ ಊರಲ್ಲೂ ಪಂಚಾಯ್ತಿ ಬೋರು ಎರಡು ಮೂರು ಇದ್ದೇ ಇರುತ್ತೆ. ಮೂರು ಸುತ್ತು ಹಾಕಿದರೆ ಎಷ್ಟೋ ಊರುಗಳ ಖುಷ್ಕಿ, ತರಿ, ತೋಟ ಎಲ್ಲಾ ಒಳಗೇ ಬಂದ್ಬಿಡುತ್ತೆ. ಅರ್ಧ ಎಕರೆ, ಒಂದು ಎಕರೆ ಇರೋ ಹುಡುಗನಿಗೆ ಇದು ದೊಡ್ಡ ಹೊಡೆತ. ಐವತ್ತು ಎಕರೆಯವನು ಆ ಕಡೆ ತುದಿಗೆ ಹೋಗಿ ಕೊರೆಸ್ಕೊಳ್ತಾನೆ, ಒಂದೆಕರೆಯವನು ಎಲ್ಲಿಗೆ ಹೋಗಬೇಕು? ಗೆರೆ ಎಳೆಯೋರು ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಕಾಯ್ದೆ ಅನುಮತಿ ಕೇಳಿ ಅಂತ ಹೇಳಿದೆಯೇ ಹೊರತು ಕೇಳಲೇಬೇಡಿ ಅಂದಿಲ್ಲ. ಅರ್ಜಿ ಹಾಕಿದವನಿಗೆ ಉತ್ತರ ಸಿಗಬೇಕು, ಅದೂ ಬರವಣಿಗೆಯಲ್ಲಿ.

ಪ್ರಮಾಣದ ಗೆರೆ, ಗುಣಮಟ್ಟದ ಗೆರೆ

500 ಮೀಟರ್ ನಿಯಮ ನೀರು ಬತ್ತದಿರಲಿ ಅಂತ ಮಾಡಿದ್ದು, ಕೆಡದಿರಲಿ ಅಂತ ಅಲ್ಲ, ಅಂತ ಕೆಲವರು ವಾದ ಮಾಡ್ತಾರೆ. ಕೋಲಾರದಲ್ಲಿ ಈ ಎರಡನ್ನೂ ಬೇರೆ ಮಾಡೋಕಾಗಲ್ಲ. ಆಳಕ್ಕೆ ಹೋದಷ್ಟೂ ಬಂಡೆಯ ಸಂದಿನಲ್ಲಿ ಬಹಳ ಕಾಲ ನಿಂತ ನೀರು ಮೇಲೆ ಬರುತ್ತೆ, ಅದರ ಜೊತೆ ಫ್ಲೋರೈಡೂ ಬರುತ್ತೆ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು ಅನ್ನುತ್ತೆ ಭಾರತೀಯ ಮಾನಕ. ಅದನ್ನ ಮೀರಿದ ನೀರು ವರ್ಷಾನುಗಟ್ಟಲೆ ಕುಡಿದ ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುತ್ತೆ, ದೊಡ್ಡೋರಿಗೆ ಮಂಡಿ, ಸೊಂಟ ಹಿಡ್ಕೊಳ್ಳುತ್ತೆ. ಪಕ್ಕದಲ್ಲೇ ಒಂದಕ್ಕೆ ನಾಲ್ಕು ಬೋರು ಕೊರೆದು ನೀರಿನ ಮಟ್ಟ ಇಳಿಸಿದಾಗ ಊರಿನವರ ಲೋಟಕ್ಕೆ ಬರೋದು ಈ ಆಳದ ನೀರೇ.

ಮೇಲಿಂದ ಇಳಿಯೋದು ನೈಟ್ರೇಟ್. ಇದರಲ್ಲಿ ನಮ್ಮ ಪಾಲು ದೊಡ್ಡದು, ಒಪ್ಕೋಬೇಕು. ಒಂದು ಸಣ್ಣ ಲೆಕ್ಕ: 45 ಕೆಜಿ ಯೂರಿಯಾ ಚೀಲದಲ್ಲಿ ಶೇ. 46 ಸಾರಜನಕ, ಅಂದ್ರೆ ಸುಮಾರು 20.7 ಕೆಜಿ. ಅದಷ್ಟೂ ನೈಟ್ರೇಟ್ ಆಗಿ ನೀರಿಗೆ ಇಳಿದರೆ ಸುಮಾರು 92 ಕೆಜಿ ನೈಟ್ರೇಟ್ ಆಗುತ್ತೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅಂದ್ರೆ ಒಂದೇ ಚೀಲ ಸುಮಾರು 20 ಲಕ್ಷ ಲೀಟರ್ ನೀರನ್ನ ಮಿತಿಗೆ ತಂದು ನಿಲ್ಲಿಸಬಲ್ಲದು. ಅಷ್ಟೂ ಇಳಿಯಲ್ಲ, ಬೆಳೆ ತಗೊಳ್ಳುತ್ತೆ, ಒಂದಿಷ್ಟು ಗಾಳಿಗೆ ಹೋಗುತ್ತೆ, ಒಂದಿಷ್ಟು ಮಣ್ಣಲ್ಲೇ ಉಳಿಯುತ್ತೆ. ಆದರೆ ಕಾಲುವೆ ತುಂಬ ನೀರು ಬಿಟ್ಟು, ಮಾರನೇ ದಿನ ಇಡೀ ಚೀಲ ಎರಚಿದರೆ ಇಳಿಯೋ ಪಾಲು ಜಾಸ್ತಿ ಆಗುತ್ತೆ. ಚಿಕ್ಕ ಕೂಸುಗಳಿಗೆ ಇಂಥ ನೀರಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ರಕ್ತಕ್ಕೆ ಆಮ್ಲಜನಕ ಹೊರೋ ಶಕ್ತಿ ಕಡಿಮೆಯಾಗಿ ಮೈ ನೀಲಿ ಕಟ್ಟುತ್ತೆ. ನೀರು ಕುದಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿ ಆಗುತ್ತೆ. ಇದನ್ನ ಮನೆಯಲ್ಲಿ ಎಲ್ಲರಿಗೂ ಹೇಳಿ.

ಹಾಗಾದರೆ ಪಂಚಾಯ್ತಿ ನಿಮ್ಮ ಹೊಲಕ್ಕೆ ಬಂದು ಯೂರಿಯಾ ಹಾಕಬೇಡ ಅನ್ನಬಹುದಾ? ಬೋರಿನ ಪಕ್ಕ ತಿಪ್ಪೆ ಹಾಕಬೇಡ, ಡ್ರಮ್ಮಲ್ಲಿ ಔಷಧಿ ಕಲಸಿ ಅಲ್ಲೇ ತೊಳೀಬೇಡ ಅಂತ ಹೇಳೋದು ಪಂಚಾಯ್ತಿಯ ನೈರ್ಮಲ್ಯದ ಕೆಲಸಕ್ಕೆ ಸೇರಿದ್ದು. ಊರಲ್ಲಿ ಕಾರ್ಖಾನೆ, ಯಂತ್ರ ಹಾಕೋಕೂ ಪಂಚಾಯ್ತಿ ಅನುಮತಿ ಬೇಕು. ತೊರೆಗೋ ಬಾವಿಗೋ ವಿಷ ಬಿಡೋದನ್ನ 1974ರ ಜಲ ಕಾಯ್ದೆ ತಡೆಯುತ್ತೆ, ಅದನ್ನ ನೋಡೋದು ಮಾಲಿನ್ಯ ನಿಯಂತ್ರಣ ಮಂಡಳಿ. ಆದರೆ ಯಾವ ಬೆಳೆ, ಎಷ್ಟು ಗೊಬ್ಬರ ಅನ್ನೋದು ಇವತ್ತಿಗೂ ನಿಮ್ಮ ಕೈಲೇ ಇದೆ. ಬೋರು ಮುಚ್ಚಿಸೋದು, ಜಮೀನು ಬಳಸಬೇಡ ಅನ್ನೋದು ಯಾವ ಮೆಂಬರ ಬಾಯಿಮಾತಿಗೂ ಆಗೋ ಕೆಲಸ ಅಲ್ಲ. ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಅಂತ ಸಂವಿಧಾನದ 300ಎ ವಿಧಿ ಹೇಳುತ್ತೆ.

ಕೆರೆ ತುಂಬಿದಾಗ ಬಂದ ಜಗಳ

ಕೋಲಾರದವರಿಗೆ ಕೆ.ಸಿ. ವ್ಯಾಲಿ ಗೊತ್ತಿಲ್ಲದ್ದೇನಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರ್ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸೋ ಯೋಜನೆ. 2018ರ ಜೂನಲ್ಲಿ ನರಸಾಪುರದ ಹತ್ತಿರ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಕೋರ್ಟಿಗೆ ಹೋದರು. ಹೈಕೋರ್ಟ್ ಸ್ವಲ್ಪ ಕಾಲ ನೀರು ನಿಲ್ಲಿಸಿತು, ಆಮೇಲೆ ಸುಪ್ರೀಂ ಕೋರ್ಟ್ ತನಕ ಹೋಯಿತು, ಕೊನೆಗೆ ನೀರು ಮತ್ತೆ ಹರಿಯಿತು.

ಇಲ್ಲೂ ಒಂದು ಗೆರೆ ಇದೆ. ಈ ನೀರು ಕೆರೆಯಲ್ಲಿ ನಿಂತು, ಮಣ್ಣಲ್ಲಿ ಇಂಗಿ, ಬೋರಿನಲ್ಲಿ ಬರಬೇಕು. ಕೆರೆಗೆ ಮೋಟ್ರು ಇಟ್ಟು ನೇರವಾಗಿ ಹೊಲಕ್ಕೆ ಎತ್ತುವಂತಿಲ್ಲ. ಕೆರೆ ಅಂಚಿನ ರೈತನಿಗೆ ಇದು ಕಷ್ಟದ ಮಾತು. ಹತ್ತು ವರ್ಷ ಒಣಗಿದ್ದ ಕೆರೆ ಕಣ್ಮುಂದೆ ತುಂಬಿ ನಿಂತಿದೆ, ಹೊಲ ಒಣಗ್ತಿದೆ, ಮುಟ್ಟಬೇಡ ಅಂತಾರೆ. ಪಂಪು, ಪೈಪು ಕಿತ್ತು ಹಾಕಿದ್ದೂ ಆಗಿದೆ. ಆದರೆ ಮಣ್ಣಿನ ಸೋಸುವಿಕೆ ತಪ್ಪಿಸಿದರೆ ಅದೇ ನೀರು ಹಸಿ ತಿನ್ನೋ ಸೊಪ್ಪು, ಕೊತ್ತಂಬರಿ ಮೇಲೆ ಬೀಳುತ್ತೆ. ಅಲ್ಲದೆ ಮೇಲಿನ ಕೆರೆಯಲ್ಲೇ ಎತ್ತಿದರೆ ಕೆಳಗಿನ ಕೆರೆಗೆ ಕೋಡಿ ಬೀಳಲ್ಲ. ನಿಷೇಧ ಸರಿ ಅನ್ನೋದೇ ನನ್ನ ಮಾತು. ಆದರೆ ನಿಷೇಧ ಹಾಕೋ ಸರ್ಕಾರ ಆ ನೀರಿನ ಪರೀಕ್ಷೆ ವರದಿಯನ್ನ ಪ್ರತಿ ತಿಂಗಳು ಕೆರೆ ಏರಿ ಮೇಲೆ ಬೋರ್ಡ್ ಬರೆದು ಹಾಕಬೇಕು. ರೈತನಿಗೆ ನಿಯಮ, ಸರ್ಕಾರಕ್ಕೆ ವಿನಾಯ್ತಿ ಅನ್ನೋದು ಆಗಬಾರದು.

ಬೇರೆ ಊರಿನವರು ಏನ್ ಮಾಡಿದ್ರು

ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ 2000ದಲ್ಲಿ ಕೋಕಾ ಕೋಲಾ ಘಟಕ ಶುರುವಾಯ್ತು. ಸುತ್ತಲಿನ ಬಾವಿಗಳ ನೀರು ಕಮ್ಮಿ ಆಯ್ತು, ಕೆಟ್ಟಿತು ಅಂತ ಜನ ಎದ್ದರು. 2003ರಲ್ಲಿ ಪೆರುಮಾಟ್ಟಿ ಗ್ರಾಮ ಪಂಚಾಯ್ತಿ ಲೈಸೆನ್ಸ್ ನವೀಕರಿಸಲ್ಲ ಅಂತು. ಒಂದು ಗ್ರಾಮ ಪಂಚಾಯ್ತಿ! ಆ ವರ್ಷದ ಡಿಸೆಂಬರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ, ಅಂತರ್ಜಲ ಜನರ ಸ್ವತ್ತು, ಸರ್ಕಾರ ಅದರ ಕಾವಲುಗಾರ ಮಾತ್ರ, ಜಮೀನು ಇದೆ ಅಂತ ಎಷ್ಟು ಬೇಕಾದರೂ ಎತ್ತೋ ಹಕ್ಕು ಯಾರಿಗೂ ಇಲ್ಲ ಅಂತ ಹೇಳಿತು. 2005ರಲ್ಲಿ ಎರಡು ನ್ಯಾಯಮೂರ್ತಿಗಳ ಪೀಠ ಅದನ್ನ ಒಪ್ಪದೆ, ದಿನಕ್ಕೆ 5 ಲಕ್ಷ ಲೀಟರ್ ಎತ್ತಬಹುದು ಅಂತು. ಆದರೆ ಘಟಕ 2004ರಲ್ಲೇ ನಿಂತಿದ್ದು ಮತ್ತೆ ಶುರುವಾಗಲೇ ಇಲ್ಲ. ಮಾಲೀಕನ ಹಕ್ಕು ಎಲ್ಲಿಗೆ ಮುಗಿಯುತ್ತೆ ಅನ್ನೋದು ನ್ಯಾಯಾಧೀಶರಿಗೂ ಸುಲಭದ ಪ್ರಶ್ನೆ ಅಲ್ಲ ಅನ್ನೋದಕ್ಕೆ ಇದು ಸಾಕ್ಷಿ.

ಅಮೆರಿಕದ ನ್ಯೂಯಾರ್ಕ್ ನಗರದ ದಾರಿ ಬೇರೆ. ಅದರ ಕುಡಿಯುವ ನೀರು ಕ್ಯಾಟ್‌ಸ್ಕಿಲ್ ಬೆಟ್ಟದ ಕಡೆಯಿಂದ ಬರುತ್ತೆ, ಅಲ್ಲೆಲ್ಲ ಹೈನುಗಾರರು. ನೀರು ಕೆಡದಿರಲಿ ಅಂತ ನಗರ ಮೊದಲು ಕಟ್ಟುನಿಟ್ಟಿನ ನಿಯಮ ತರೋಕೆ ಹೋದಾಗ ರೈತರು ತಿರುಗಿ ಬಿದ್ದರು. ಆಮೇಲೆ ಕೂತು ಮಾತಾಡಿದರು: ಸಗಣಿ ಗುಂಡಿ ಕಟ್ಟೋದು, ತೊರೆಗೆ ದನ ಇಳಿಯದಂತೆ ಬೇಲಿ ಹಾಕೋದು, ಇದರ ಖರ್ಚು ನಗರದ್ದು, ಸೇರೋದು ಬಿಡೋದು ರೈತನ ಇಷ್ಟ, ಆದರೆ ನೂರಕ್ಕೆ 85 ಜನ ಸೇರಬೇಕು. ಸೇರಿದರು. 1997ರಲ್ಲಿ ದೊಡ್ಡ ಒಪ್ಪಂದ ಆಯ್ತು. ನೂರಾರು ಕೋಟಿ ಡಾಲರಿನ ಶುದ್ಧೀಕರಣ ಘಟಕ ಕಟ್ಟೋ ಖರ್ಚು ಉಳಿಯಿತು. ನಮ್ಮ ತಾಲ್ಲೂಕಲ್ಲೇ ಮಾರ್ಕಂಡೇಯ ನದಿಗೆ ಯರಗೋಳ್ ಅಣೆಕಟ್ಟು ಕಟ್ಟಿ, 2023ರ ನವೆಂಬರಲ್ಲಿ ಉದ್ಘಾಟನೆ ಆಯ್ತು. ಬಂಗಾರಪೇಟೆ, ಮಾಲೂರು, ಕೋಲಾರ ಪಟ್ಟಣಗಳಿಗೆ ಅಲ್ಲಿಂದ ನೀರು. ಮೇಲಿನ ಕಡೆ ಜಮೀನು ಇರೋರಿಗೆ ನಾಳೆ ಏನಾದರೂ ಕಟ್ಟುಪಾಡು ಬಂದರೆ, ಖರ್ಚು ಪಟ್ಟಣದವರೂ ಹೊರಲಿ ಅಂತ ಕೇಳೋಕೆ ಈ ಉದಾಹರಣೆ ಕೈಲಿರಲಿ.

ಮತ್ತೆ ದಿಬ್ಬಕ್ಕೆ ಬರೋಣ

ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ದಿಬ್ಬ ಅಲ್ಲೇ ಉಳಿದವು, ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ. ಮಳೆ ಬಂದಾಗ ಕೊಚ್ಚಿಕೊಂಡು ತಗ್ಗಿನ ಹೊಲಕ್ಕೆ, ಹಳ್ಳಕ್ಕೆ ಇಳಿಯುತ್ತೆ. ಗಾಳಿ ಕಾಲದಲ್ಲಿ ಮನೆ ಹಂಚಿನ ಮೇಲೆಲ್ಲ ಬಿಳಿ ಧೂಳು. ಸಯನೈಡ್ ಬಿಸಿಲಿಗೆ ಕಾಲಕ್ರಮೇಣ ಒಡೆದು ಹೋಗುತ್ತೆ; ಕಲ್ಲಿನ ಜೊತೆ ಬಂದ ಗಂಧಕ, ಲೋಹಗಳು ಹಾಗೆ ಹೋಗಲ್ಲ. ಒಂದೆಕರೆಯವನಿಗೆ 500 ಮೀಟರ್ ಗೆರೆ ತೋರಿಸೋ ವ್ಯವಸ್ಥೆ ಈ ದಿಬ್ಬದ ಮಾಲೀಕನಿಗೆ ಇಷ್ಟು ವರ್ಷ ಯಾವ ಗೆರೆ ತೋರಿಸಿತು?

ಈಗ ಈ ಪ್ರಶ್ನೆಗೆ ಅವಸರ ಬಂದಿದೆ. 2024ರ ಜೂನಲ್ಲಿ ರಾಜ್ಯ ಸಚಿವ ಸಂಪುಟ, ಕೆಜಿಎಫ್‌ನ 13 ದಿಬ್ಬಗಳಿರೋ ಸುಮಾರು 1,003 ಎಕರೆಯಲ್ಲಿ ಮತ್ತೆ ಗಣಿಗಾರಿಕೆ ಮಾಡೋ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಪುಡಿಯಲ್ಲಿ ಉಳಿದಿರೋ ಚಿನ್ನ ತೆಗೆಯೋದು ಉದ್ದೇಶ. ಕೆಲಸ ಸಿಗುತ್ತೆ ಅಂತ ಕೆಜಿಎಫ್ ಜನಕ್ಕೆ ಆಸೆ ಇದೆ, ಅದು ತಪ್ಪಲ್ಲ. ಆದರೆ ಗಟ್ಟಿ ಕೂತ ದಿಬ್ಬ ಕೆದಕಿದ ಮೇಲೆ ನಿಮ್ಮ ಬಾವಿ ನೀರು ಕೆಟ್ಟರೆ, "ಇದು ಮೊದಲೇ ಹೀಗಿತ್ತು" ಅಂತ ಯಾರು ಬೇಕಾದರೂ ಹೇಳಬಹುದು. ಮೊದಲು ಹೇಗಿತ್ತು ಅನ್ನೋ ಕಾಗದ ನಿಮ್ಮ ಹತ್ತಿರ ಇದ್ದರೆ ಮಾತ್ರ ವಾದ ನಿಲ್ಲುತ್ತೆ.

ಅದಕ್ಕೇ, ಕೋರಮಂಡಲ್, ಮಾರಿಕುಪ್ಪಂ, ಆಂಡರ್ಸನ್‌ಪೇಟೆ ಸುತ್ತ ದಿಬ್ಬಕ್ಕಿಂತ ತಗ್ಗಲ್ಲಿ ಜಮೀನು ಇರೋರು ಕಾಯಬೇಡಿ, ಕೆಲಸ ಶುರುವಾಗೋ ಮುಂಚೆಯೇ ನೀರು ಪರೀಕ್ಷೆ ಮಾಡಿಸಿ. ಮಳೆಗಾಲಕ್ಕೆ ಮೊದಲೊಂದು, ಮಳೆ ಮುಗಿದ ಮೇಲೊಂದು. ಪಿಎಚ್, ಸಲ್ಫೇಟ್, ಆರ್ಸೆನಿಕ್, ಸಯನೈಡ್ ಅಂತ ಹೆಸರು ಹೇಳಿ ಕೇಳಿ. ಮಾಮೂಲಿ ಪರೀಕ್ಷೆಯಲ್ಲಿ ಕೊನೆಯ ಎರಡು ಇರಲ್ಲ. ಉಳಿದ ಊರಿನವರಿಗೆ ಫ್ಲೋರೈಡ್, ನೈಟ್ರೇಟ್, ಉಪ್ಪಿನಂಶ ಸಾಕು. ಬೇಸಾಯದ ನೀರಿಗೆ ತಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಕುಡಿಯೋ ನೀರಿಗೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯ ಇದೆ.

ಫೋನ್ ಕೈಲಿದ್ರೆ ಇನ್ನೆರಡು ಕೆಲಸ ಇವತ್ತೇ ಆಗುತ್ತೆ. ದಿಶಾಂಕ್ ಆಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಗೂಗಲ್ ಮ್ಯಾಪಲ್ಲಿ ಪಂಚಾಯ್ತಿ ಬೋರಿನ ಮೇಲೆ ಒತ್ತಿ ಹಿಡಿದು ದೂರ ಅಳೆಯೋ ಆಯ್ಕೆ ತಗೊಂಡು ನಿಮ್ಮ ಪಾಯಿಂಟ್ ತನಕ ಎಳೀರಿ. 500 ಒಳಗಿದ್ದರೆ ಲಾರಿಗೆ ಫೋನ್ ಮಾಡಬೇಡಿ, ಮೊದಲು ಜಿಲ್ಲಾ ಅಂತರ್ಜಲ ಕಚೇರಿಗೆ ಅರ್ಜಿ. ಹೊರಗಿದ್ದರೂ ನಮ್ಮ ಜಿಲ್ಲೆಯಲ್ಲಿ ಅನುಮತಿ ಬೇಕೇ ಬೇಕು. ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಸೀಲು ಹಾಕಿಸ್ಕೊಂಡು ಫೋಟೋ ತೆಗೆದಿಡಿ. ಇಲ್ಲ ಅಂದರೆ ಕಾರಣ ಬರೆದು ಕೊಡಿ ಅಂತ ಕೇಳಿ. ಇರೋ ಬೋರನ್ನ ನಿಲ್ಲಿಸು ಅಂದರೆ ಆದೇಶದ ಪ್ರತಿ ಕೇಳಿ, ನಿಂತ ಬೆಳೆಗೆ ಪರಿಹಾರದ ಅರ್ಜಿ ಅದೇ ದಿನ ಕೊಡಿ, ಬೆಳೆಯ ಫೋಟೋ ಸಮೇತ.

ಬರ ಬಿದ್ದ ವರ್ಷ ನಿಮ್ಮ ಬೋರಲ್ಲೇ ಒಳ್ಳೆ ನೀರಿದ್ದು, ಊರಿಗೆ ಬಾಡಿಗೆಗೆ ಕೊಡಿ ಅಂತ ಪಂಚಾಯ್ತಿಯವರೇ ಬರಬಹುದು. 2024ರ ಬೇಸಿಗೆಯಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ ಹೀಗಾಯ್ತು. ಕೊಡಿ. ಆದರೆ ಎಷ್ಟು ತಿಂಗಳು, ತಿಂಗಳಿಗೆ ಎಷ್ಟು, ಮೋಟ್ರು ಸುಟ್ಟರೆ ರಿಪೇರಿ ಯಾರದು, ಬೆಳೆಗೆ ದಿನಕ್ಕೆ ಎಷ್ಟು ಗಂಟೆ ಉಳಿಸ್ಕೊಳ್ತೀರಿ, ಇದೆಲ್ಲ ಕಾಗದದಲ್ಲಿರಲಿ.

ಸ್ಯಾಂಪಲ್ ತೆಗೆಯೋದರಲ್ಲಿ ತುಂಬಾ ಜನ ಎಡವ್ತಾರೆ. ಹಳೇ ಔಷಧಿ ಬಾಟಲು, ಜ್ಯೂಸ್ ಬಾಟಲು ಬೇಡ. ಒಂದು ಲೀಟರ್ ಕುಡಿಯೋ ನೀರಿನ ಹೊಸ ಬಾಟಲು ಸಾಕು. ಮೋಟ್ರು ಹತ್ತು ನಿಮಿಷ ಓಡಲಿ, ಪೈಪಲ್ಲಿ ನಿಂತ ನೀರು ಹೋಗಲಿ. ಅದೇ ನೀರಲ್ಲಿ ಮೂರು ಸಲ ಬಾಟಲು ಕುಲುಕಿ ಚೆಲ್ಲಿ, ಗಾಳಿ ನಿಲ್ಲದಂತೆ ಕಂಠದ ತನಕ ತುಂಬಿ, ಮುಚ್ಚಳ ಬಿಗಿ ಮಾಡಿ. ಸಯನೈಡ್, ಲೋಹಗಳ ಪರೀಕ್ಷೆಗೆ ಬಾಟಲೇ ಬೇರೆ, ಅದನ್ನ ಪ್ರಯೋಗಾಲಯದವರಿಂದಲೇ ಇಸ್ಕೊಳ್ಳಿ. ಬಾಟಲ ಮೇಲೆ ಸರ್ವೆ ನಂಬರ್, ಬೋರಿನ ಆಳ, ತಾರೀಕು, ಟೈಮು ಬರೆದು ಅಂಟಿಸಿ, ಬೋರಿನ ಪಕ್ಕ ಇಟ್ಟು ಲೊಕೇಶನ್ ಆನ್ ಮಾಡಿ ಒಂದು ಫೋಟೋ ತೆಗೀರಿ. ಅವತ್ತೇ ತಲುಪಿಸಿ. ವರದಿ ಬಂದ ಮೇಲೆ ಒಂದು ಪ್ರತಿ ಪಹಣಿ ಜೊತೆ ಇಡಿ, ಇನ್ನೊಂದನ್ನ ಪಂಚಾಯ್ತಿಗೆ ಕೊಟ್ಟು ಸೀಲು ಹಾಕಿಸ್ಕೊಳ್ಳಿ.